ಚಿಕ್ಕಮುನಿಯಪ್ಪನ ಕೀಲುನೋವು

ಲಾರಿಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟೆಲ್ಲ ಅವನ್ನು ತರುವವರ ಮೇಲೆ. ಕ್ಯಾಬಿನ್ನಿನಿಂದ ಕಾಲು ಕೆಳಗಿಡುವ ಮೊದಲೇ ಕಾಯಿಲೆಯ ಹೆಸರು ಹೇಳುತ್ತಾರೆ, ಮದ್ದನ್ನೂ ಅವರೇ ಹೇಳುತ್ತಾರೆ. ಪಂಪ್ ಹೋಗಿದೆ ಅನ್ನುತ್ತಾರೆ, ಬೆಲ್ಟ್ ಹೋಗಿದೆ ಅನ್ನುತ್ತಾರೆ. ಅಷ್ಟೆಲ್ಲ ಗೊತ್ತಿದ್ದ ಮೇಲೆ ನನ್ನ ಹತ್ತಿರ ಯಾಕಪ್ಪಾ ಬಂದೆ ಮಹಾನುಭಾವ ಎಂದು ಕೇಳಬೇಕೆನಿಸುತ್ತದೆ. ಕೇಳಿಯೂ ಇದ್ದೇನೆ, ಗಿರಾಕಿಗಳನ್ನು ಕಳೆದುಕೊಂಡೂ ಇದ್ದೇನೆ. ನನ್ನ ಹೆಸರು ಮಹದೇವ್. ಕೆಂಗೇರಿಯಲ್ಲಿ ಮೈಸೂರು ರಸ್ತೆಯ ಪಕ್ಕಕ್ಕೆ ನನ್ನ ಶೆಡ್ಡು. ಲಾರಿ, ಟೆಂಪೋಗಳ ಸ್ಟೇರಿಂಗ್ ಕೆಲಸ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಬಾಯಿ ಜೋರು ಎಂದು ಊರು ಹೇಳುತ್ತದೆ, ಹೇಳಲಿ.

ನಾನು ಈಗ ಹೇಳಹೊರಟಿರುವ ಚಿಕ್ಕಮುನಿಯಪ್ಪ ಮಾತ್ರ ಆ ಜಾತಿಯವನಲ್ಲ. ಅವನಿಗೆ ಕಾಯಿಲೆಗಳ ಹೆಸರೇ ಗೊತ್ತಿಲ್ಲ. ಲಾರಿಯಲ್ಲಿ ಅಲ್ಲಾಡುವ, ತಿರುಗುವ, ಬಾಗುವ ಸಕಲವೂ ಅವನ ಬಾಯಲ್ಲಿ 'ಕೀಲು'. ಬಾಲ್ ಜಾಯಿಂಟೂ ಕೀಲೇ, ಬೇರಿಂಗೂ ಕೀಲೇ. "ಮಾದೇವ, ಬಲಗಡೆ ಕೀಲು ಕಿರ್ ಅಂತೈತೆ, ನೋಡು" ಎಂದು ನಿಲ್ಲಿಸಿ ಹೋಗುತ್ತಾನೆ. ಯಾವ ಕೀಲೋ ಮಾರಾಯ ಅಂದರೆ, ಹುಡುಕೋದು ನಿನ್ನ ಕೆಲಸ ಅನ್ನುತ್ತಾನೆ. ತನ್ನ ಮಂಡಿ ಹಿಡಿದರೂ ಕೀಲೇ, ಭುಜ ಹಿಡಿದರೂ ಕೀಲೇ. ತಪ್ಪು ಅವನದಲ್ಲ. ಅವನ ಅಪ್ಪ ಎತ್ತಿನ ಗಾಡಿಯಲ್ಲಿ ಕೆಂಗೇರಿಯಿಂದ ಪೇಟೆಗೆ ಸೌದೆ ಹೊಡೆಯುತ್ತಿದ್ದರು. ಆ ಮನೆಯಲ್ಲಿ ಕೀಲು ಮತ್ತು ಕೀಲಿಗೆ ಹಾಕುವ ಎಣ್ಣೆ ಎರಡು ಗೊತ್ತಿದ್ದರೆ ಬದುಕು ನಡೆಯುತ್ತಿತ್ತು.

ಅವನೂ ನಾನೂ ಹಳೇ ಕೆಂಗೇರಿಯ ಒಂದೇ ಬೀದಿಯಲ್ಲಿ ಗೋಲಿ ಆಡಿದವರು. ನನಗೆ ಸ್ಪಾನರ್ ಹತ್ತಿತು, ಅವನಿಗೆ ಸ್ಟೇರಿಂಗ್ ಹತ್ತಿತು. ಪವರ್ ಸ್ಟೇರಿಂಗ್ ಇಲ್ಲದ ಕಾಲದ ಲಾರಿಗಳನ್ನು ಅವನು ತಿರುಗಿಸುತ್ತಿದ್ದ ರೀತಿ ನಾನು ನೋಡಿದ್ದೇನೆ. ಸೀಟಿನಿಂದ ಅರ್ಧ ಎದ್ದು, ಎದೆ ಕೊಟ್ಟು ತಿರುಗಿಸುತ್ತಿದ್ದ. ಸಂಜೆ ಹೋಟೆಲಿನ ಮುಂದೆ ನಿಂತು ತೋಳು ಮಡಚಿ ತೋರಿಸುತ್ತಿದ್ದ. ಆಮೇಲೆ ಪವರ್ ಸ್ಟೇರಿಂಗ್ ಬಂತು. ಅವನಿಗೆ ಅದರ ಮೇಲೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. "ಒಂದು ಬೆಳ್ಳಲ್ಲಿ ತಿರುಗೋದು ಲಾರಿನೇನೋ? ಗ್ರೈಂಡರ್ ಕಣೋ ಅದು" ಅನ್ನುತ್ತಿದ್ದ. ಅಂದುಕೊಂಡೇ ಒಂದು ಬೆರಳಲ್ಲಿ ತಿರುಗಿಸುತ್ತಿದ್ದ.

ಈಗ ಬಹಳ ವರ್ಷಗಳಿಂದ ಅವನು ಓಡಿಸುವುದು ನೀರಿನ ಟ್ಯಾಂಕರು. ಮುಂದೆ ಮೂತಿ ಇರುವ ಹಳೇ ಮಾದರಿಯ ಲಾರಿ, ಹಿಂದೆ ಟ್ಯಾಂಕು. ಅದರ ಒಡತಿ ಚಂದ್ರಾ ಲೇಔಟಿನ ಪ್ರಭಾ ಮೇಡಂ. ಕೆಂಗೇರಿಯಾಚೆ ಅವರದೊಂದು ಬೋರ್‌ವೆಲ್ ಇದೆ. ಅಲ್ಲಿ ತುಂಬಿಸಿಕೊಂಡು, ನಾಯಂಡಹಳ್ಳಿ ದಾಟಿ, ಚಂದ್ರಾ ಲೇಔಟಿನ ಅಡ್ಡರಸ್ತೆಗಳಿಗೆ ನೀರು ಹಾಕಬೇಕು. ಆ ಅಡ್ಡರಸ್ತೆಗಳ ಎರಡೂ ಕಡೆ ಜನ ಕಾರು ನಿಲ್ಲಿಸಿ ಮೇಲೆ ಹೊದಿಕೆ ಹೊದಿಸಿರುತ್ತಾರೆ. ನಡುವೆ ಉಳಿದ ಜಾಗದಲ್ಲಿ ಹಸು ನಡೆಯುವುದೇ ಕಷ್ಟ. ಚಿಕ್ಕಮುನಿಯಪ್ಪ ಅಲ್ಲಿ ತುಂಬಿದ ಟ್ಯಾಂಕರನ್ನು ಹಿಮ್ಮುಖವಾಗಿ ನುಗ್ಗಿಸಿ, ಒಂದು ಕಾರಿನ ಕನ್ನಡಿಗೂ ತಾಗಿಸದೆ, ನೆಲದೊಳಗಿನ ನೀರಿನ ಸಂಪಿನ ಮುಚ್ಚಳದ ಪಕ್ಕ ತಂದು ನಿಲ್ಲಿಸುತ್ತಿದ್ದ. ಅವನಿಗೆ ಓದು ಬರುವುದಿಲ್ಲ, ಮೊಬೈಲಿನಲ್ಲಿ ಹಸಿರು ಬಟನ್ನು ಕೆಂಪು ಬಟನ್ನು ಬಿಟ್ಟು ಬೇರೇನೂ ಗೊತ್ತಿಲ್ಲ. ಅವನ ಮರ್ಯಾದೆಯೆಲ್ಲ ಇದ್ದದ್ದು ಆ ಸ್ಟೇರಿಂಗಿನ ಮೇಲಿನ ಕೈಯಲ್ಲಿ.

ಅವನ ಹೆಂಡತಿ ಹನುಮಕ್ಕ. ಅವಳೂ ಗಾಡಿ ಹೊಡೆಯುವವರ ಮನೆಯ ಮಗಳೇ. ನಮ್ಮ ಬೀದಿಯಲ್ಲಿ ಮಗು ಹುಟ್ಟಿದರೆ ಎಣ್ಣೆ ನೀವಿ ನೀರು ಹಾಕಲು ಅವಳೇ ಬರಬೇಕು. ಕಾಲು ಉಳುಕಿದರೆ ಅವಳೇ ತಿಕ್ಕಬೇಕು. ಗಾಣದ ಹರಳೆಣ್ಣೆ ತಂದು, ಬೆಚ್ಚಗೆ ಮಾಡಿ, ಹೆಬ್ಬೆರಳಲ್ಲಿ ಒತ್ತಿದರೆ ನೋವು ಎಲ್ಲಿತ್ತು ಎಂಬುದೇ ಮರೆತುಹೋಗುತ್ತದೆ. ನನ್ನ ಸೊಂಟಕ್ಕೂ ಅವಳ ಕೈ ಬಿದ್ದಿದೆ, ಆದ್ದರಿಂದ ಈ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ.

ಅವಳದೊಂದು ಪದ್ಧತಿ ಇತ್ತು. ಟ್ಯಾಂಕರು ನಿಲ್ಲುವುದು ಅವರ ಮನೆ ಪಕ್ಕದ ಖಾಲಿ ಸೈಟಿನಲ್ಲಿ. ಪ್ರತಿ ಆಯುಧಪೂಜೆಗೆ ಅವಳು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಾನೆಟ್ ಎತ್ತಿಸುತ್ತಿದ್ದಳು. ಒಂದೊಂದನ್ನೇ ಮುಟ್ಟಿ, "ಇದೇನು? ಇದೇನು?" ಎಂದು ಗಂಡನನ್ನು ಕೇಳುತ್ತಿದ್ದಳು. ಅವನು ಹೇಳಿದ ಮೇಲೇ ಅದಕ್ಕೆ ಕುಂಕುಮ. ಏನೆಂದು ಗೊತ್ತಿಲ್ಲದ್ದಕ್ಕೆ ಪೂಜೆ ಮಾಡಬಾರದು ಎನ್ನುವುದು ಅವಳ ವಾದ. ಹೀಗೆ ವರ್ಷಾ ವರ್ಷಾ ಕೇಳಿ, ರೇಡಿಯೇಟರ್ ಯಾವುದು, ಬ್ಯಾಟರಿ ಯಾವುದು, ಸ್ಟೇರಿಂಗಿನ ಎಣ್ಣೆ ಡಬ್ಬಿ ಯಾವುದು, ಎಲ್ಲ ಅವಳಿಗೆ ತಲೆಯಲ್ಲಿತ್ತು. ಈ ವಿಷಯ ಆಮೇಲೆ ಕೆಲಸಕ್ಕೆ ಬರುತ್ತದೆ.

ಈ ಸಲ ಚಳಿ ಜೋರಾಗಿಯೇ ಬಂತು. ಧನುರ್ಮಾಸದ ಬೆಳಿಗ್ಗೆ ದೇವಸ್ಥಾನದ ಮೈಕು ಶುರುವಾಗುವ ಹೊತ್ತಿಗೆ ಕೊಳಚೆ ತುಂಬಿದ ವೃಷಭಾವತಿ ಹೊಳೆಯ ಮೇಲೆ ಮಂಜು ಕೂತಿರುತ್ತಿತ್ತು, ಮಂಜಿನ ಜೊತೆಗೆ ನಾತವೂ ಕೂತಿರುತ್ತಿತ್ತು. ಇಂಥ ಒಂದು ಬೆಳಿಗ್ಗೆ ಮೊದಲ ಲೋಡಿಗೆ ಹೊರಟ ಚಿಕ್ಕಮುನಿಯಪ್ಪನಿಗೆ ಸ್ಟೇರಿಂಗ್ ಭಾರ ಅನ್ನಿಸಿತು. ಎಡಭುಜ ಚುಳ್ ಅಂತು. ಹತ್ತು ಗಂಟೆಗೆ ಬಿಸಿಲು ಬಿದ್ದ ಮೇಲೆ ಸ್ಟೇರಿಂಗೂ ಸಡಿಲವಾಯಿತು, ಭುಜವೂ ಸಡಿಲವಾಯಿತು. ಮಾರನೆಯ ದಿನವೂ ಹಾಗೇ ಆಯಿತು.

ಬೇರೆ ಯಾವ ಡ್ರೈವರ್ ಆಗಿದ್ದರೂ ಲಾರಿಗೆ ಒಂದು ಬೈದು ನನ್ನ ಶೆಡ್ಡಿಗೆ ತರುತ್ತಿದ್ದ. ಇವನು ತರಲಿಲ್ಲ. ಯಾಕೆಂದರೆ ಇವನಿಗೊಬ್ಬ ಅಣ್ಣ ಇದ್ದ, ದೊಡ್ಡಮುನಿಯಪ್ಪ. ಅವನಿಗೆ ಇಂಥದೇ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತು. ಮೊದಲು ಎಡಗೈ ಮಾತು ಕೇಳಲಿಲ್ಲ, ಕಾಫಿ ಲೋಟ ಜಾರಿತು, ಆಮೇಲೆ ಮನುಷ್ಯ ಮಂಚದಿಂದ ಏಳಲೇ ಇಲ್ಲ. ತಮ್ಮ ಅದನ್ನು ಹತ್ತಿರ ಕೂತು ನೋಡಿದವನು. ಈಗ ಸ್ಟೇರಿಂಗ್ ತಿರುಗದಿದ್ದಾಗ ಅವನು ಸ್ಟೇರಿಂಗನ್ನು ನೋಡಲಿಲ್ಲ, ತನ್ನ ಕೈಯನ್ನು ನೋಡಿಕೊಂಡ. ಭಯ ಬಿದ್ದ. ಭಯವನ್ನು ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಮಾತ್ರ ಒಂದು ಸಂಜೆ ಬಾಯಿ ಬಿಟ್ಟ, ಅದೂ ಅರ್ಧ.

"ಕೀಲು ಹಿಡ್ಕೊಂಡೈತೆ ಕಣೆ" ಅಂದ.

"ಯಾವುದು? ನಿಮ್ದೋ, ಲಾರೀದೋ?" ಎಂದು ಹನುಮಕ್ಕ ಕೇಳಿದಳು.

ಅವನಿಗೆ ಬಿಡಿಸಿ ಹೇಳುವ ಧೈರ್ಯ ಇರಲಿಲ್ಲ. "ಎರಡೂ ಒಂದೇ ಬಿಡು" ಅಂದುಬಿಟ್ಟ.

ಹನುಮಕ್ಕ ಒಲೆಯ ಮೇಲೆ ಹರಳೆಣ್ಣೆ ಇಟ್ಟಳು. ಅವತ್ತಿನಿಂದ ದಿನಾ ಅವನ ಭುಜಕ್ಕೆ ಎಣ್ಣೆ ಬೀಳತೊಡಗಿತು. ಆದರೆ ಬೆಳಗಿನ ಬಿಗಿ ಕಡಿಮೆಯಾಗಲಿಲ್ಲ. ತಿಕ್ಕಿದಷ್ಟೂ ಜಾಸ್ತಿಯಾಯಿತು. ವಾರ ಕಳೆಯುವುದರೊಳಗೆ ಅವನು ಎಲ್ಲರಿಗಿಂತ ಮುಂಚೆ ಎದ್ದು, ಮಫ್ಲರ್ ಸುತ್ತಿಕೊಂಡು, ಇಂಜಿನ್ನನ್ನು ಸುಮ್ಮನೆ ಗುರ್ ಅನ್ನಿಸುತ್ತಾ ಕೂರಲು ಶುರುಮಾಡಿದ. ಬೀದಿಯವರು ಬೈದರು, ಹೊಗೆ ಕುಡಿಸಿ ಸಾಯಿಸ್ತೀಯೇನಯ್ಯಾ ಎಂದರು. ಇಂಜಿನ್ ಬಿಸಿಯಾಗುವ ಹೊತ್ತಿಗೆ ತನ್ನ ಕೈಗೂ ಜೀವ ಬರುತ್ತದೆ ಎಂದು ಅವನು ಕಂಡುಕೊಂಡಿದ್ದ. ಕಂಡುಕೊಂಡದ್ದರ ಅರ್ಥ ಮಾತ್ರ ಅವನಿಗೆ ಹೊಳೆಯಲಿಲ್ಲ.

ಆಮೇಲೆ ಚಂದ್ರಾ ಲೇಔಟಿನಲ್ಲಿ ಆಗಬಾರದ್ದು ಆಯಿತು. ಅವತ್ತು ಬೆಳಿಗ್ಗೆ ಯಾರ ಮನೆಯಲ್ಲೋ ಪೂಜೆ, ನೀರು ಬೇಗ ಬೇಕೆಂದು ಪ್ರಭಾ ಮೇಡಂ ಅವಸರ ಮಾಡಿದ್ದರು. ಇಂಜಿನ್ ಬಿಸಿ ಮಾಡಲು ಹೊತ್ತು ಸಿಗಲಿಲ್ಲ. ಸೈಟಿನಿಂದ ಹಿಂದೆ ಮುಂದೆ ಮಾಡಿ ಹೇಗೋ ಹೊರಬಿದ್ದ, ಹೆದ್ದಾರಿಯಲ್ಲಿ ನೆಟ್ಟಗೆ ಬರುವಾಗ ತೊಂದರೆಯಾಗಲಿಲ್ಲ. ಅಡ್ಡರಸ್ತೆಯ ಮೂಲೆಯಲ್ಲಿ ತುಂಬಿದ ಟ್ಯಾಂಕರನ್ನು ತಿರುಗಿಸುವಾಗ ಸ್ಟೇರಿಂಗ್ ಅರ್ಧಕ್ಕೆ ನಿಂತಿತು. ಎದೆ ಕೊಟ್ಟು ಒತ್ತಿದರೂ ಜಗ್ಗಲಿಲ್ಲ. ಬ್ರೇಕ್ ಹಾಕುವಷ್ಟರಲ್ಲಿ ಬಂಪರ್ ಮೂಲೆಮನೆಯ ಗೇಟಿನ ಕಂಬಕ್ಕೆ ಹೊಡೆಯಿತು. ಆ ಗೇಟಿನ ಮುಂದೆ ಆ ಮನೆಯಾಕೆ ರಂಗೋಲಿ ಹಾಕುತ್ತಾ ಕೂತಿದ್ದರು. ರಂಗೋಲಿ ಡಬ್ಬ ಬಿಸಾಕಿ ಹಿಂದಕ್ಕೆ ಹಾರಿದ್ದರಿಂದ ಬದುಕಿದರು. ಪುಡಿಯೆಲ್ಲ ಲಾರಿಯ ಚಕ್ರದ ಮೇಲೆ ಚೆಲ್ಲಿತ್ತು.

ಪ್ರಭಾ ಮೇಡಂ ಕೆಟ್ಟವರಲ್ಲ. ಆ ಬೆಳಿಗ್ಗೆ ಅವರೇ ಓಡಿಬಂದು ಆ ಮನೆಯವರ ಕೈ ಹಿಡಿದು ಕ್ಷಮೆ ಕೇಳಿದರು, ಕಂಬವನ್ನು ರಿಪೇರಿ ಮಾಡಿಸಿಕೊಡುತ್ತೇವೆ ಅಂದರು. ಆಮೇಲೆ ಚಿಕ್ಕಮುನಿಯಪ್ಪನನ್ನು ಪಕ್ಕಕ್ಕೆ ಕರೆದರು.

"ನೋಡಿ ಚಿಕ್ಕಮುನಿಯಪ್ಪ, ಕಂಬ ಹೋದ್ರೆ ಕಟ್ಟಿಸ್ಬಹುದು. ಆ ಆಂಟಿಗೆ ಏನಾದ್ರೂ ಆಗಿದ್ರೆ? ಗಾಡಿ ಮೊದ್ಲು ಚೆಕ್ ಮಾಡಿಸಿ. ಗಾಡಿಗೆ ಏನೂ ಆಗಿಲ್ಲ ಅಂದ್ರೆ, ನೀವು ಬೋರ್‌ವೆಲ್ ಹತ್ರ ಮೋಟಾರ್ ನೋಡ್ಕೊಂಡು ಇದ್ಬಿಡಿ. ಸಂಬಳಕ್ಕೆ ನಾನು ಕೈ ಹಾಕಲ್ಲ. ಸ್ಟೇರಿಂಗ್ ಮಾತ್ರ ಬೇಡ."

ಅವನಿಗೆ ಸಂಬಳದ ಮಾತು ಕಿವಿಗೇ ಬೀಳಲಿಲ್ಲ. ಸ್ಟೇರಿಂಗ್ ಬೇಡ ಅಂದದ್ದಷ್ಟೇ ಕೇಳಿಸಿತು.

ಮಧ್ಯಾಹ್ನ ಟ್ಯಾಂಕರ್ ನನ್ನ ಶೆಡ್ಡಿಗೆ ಬಂತು. ನಾನು ಹತ್ತಿ ಕೂತು ತಿರುಗಿಸಿದೆ. ಎಡಕ್ಕೆ ಕೊನೆಯವರೆಗೂ ಹೋಯಿತು, ಬಲಕ್ಕೂ ಹೋಯಿತು, ಹೂವಿನಂತಿತ್ತು. ಸುತ್ತ ಒಂದು ರೌಂಡ್ ಹೊಡೆದೆ. ಏನೂ ಇಲ್ಲ. ಸರಿ ಇರುವುದನ್ನು ಬಿಚ್ಚಿ ಕೆಡಿಸುವ ಅಭ್ಯಾಸ ನನಗಿಲ್ಲ. "ಗಾಡಿ ಸರಿಯಾಗಿದೆ ಕಣೋ, ಯಾವನೋ ನಿನ್ನ ತಲೆ ಕೆಡಿಸಿದಾನೆ" ಅಂದೆ. ಬೆಳಿಗ್ಗೆ ಬಿಗಿ ಇರುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ ಎಂದು ಅವನು ಒಂದು ಮಾತು ಹೇಳಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ. ಚಳಿಯ ಕಾಯಿಲೆಯನ್ನು ಚಳಿಯಲ್ಲೇ ನೋಡಬೇಕು. ಮಟಮಟ ಮಧ್ಯಾಹ್ನ ತಂದು ತೋರಿಸಿದರೆ ಬ್ರಹ್ಮನಿಗೂ ಸಿಗುವುದಿಲ್ಲ. ಅವನು ಕೇಳಿದ್ದು ಬೇರೆಯೇ ಪ್ರಶ್ನೆ.

"ಮಾದೇವ, ಲಕ್ವ ಹೊಡಿಯೋಕೆ ಮುಂಚೆ ಗೊತ್ತಾಗ್ತೈತಾ?"

"ನಾನೇನು ಡಾಕ್ಟರಾ? ಹೋಗೋ ಸುಮ್ನೆ" ಎಂದು ಕಳಿಸಿದೆ.

ನನ್ನ ಮಾತು ಪ್ರಭಾ ಮೇಡಂಗೆ ಮುಟ್ಟಿತು. ಅವರು ನನಗೇ ಫೋನ್ ಮಾಡಿದರು. "ಗಾಡಿ ಸರಿ ಇದೆ ಅಂತ ಹೇಳಿದ್ರಂತೆ. ಹಾಗಾದ್ರೆ ನಾಳೆ ಬೆಳಿಗ್ಗೆ ನೀವೂ ಬನ್ನಿ, ಅವರು ಓಡಿಸೋದನ್ನ ಪಕ್ಕದಲ್ಲಿ ಕೂತು ನೋಡಿ ಹೇಳಿ. ನಾನು ಒಬ್ಳೇ ತೀರ್ಮಾನ ಮಾಡಿದ್ರೆ, ಇಷ್ಟು ವರ್ಷ ದುಡಿಸ್ಕೊಂಡು ಕೈ ಬಿಟ್ಲು ಅಂತಾರೆ" ಅಂದರು. ನನಗೆ ರೇಗಿತು. ಲಾರಿ ಬಿಚ್ಚಿ ನೋಡು ಅಂದರೆ ನೋಡುತ್ತೇನೆ, ಮನುಷ್ಯನನ್ನು ಬಿಚ್ಚಿ ನೋಡು ಅಂದರೆ? ಆದರೂ ಹೋದೆ. ಹೋಗದಿದ್ದರೆ ಗೆಳೆಯನ ತಲೆ ಮೇಲೆ ಕಲ್ಲು ಎತ್ತಿಹಾಕಲು ಬೇರೆ ಯಾರನ್ನಾದರೂ ಕರೆಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಅವನ ಮನೆ ಪಕ್ಕದ ಸೈಟಿನಲ್ಲಿ ಎದುರು ನಿಂತವರ ಮುಖ ಕಾಣದಷ್ಟು ಮಂಜು. ಪ್ರಭಾ ಮೇಡಂ ಶಾಲು ಹೊದ್ದು ಕಾರಿನಿಂದ ಇಳಿದರು. ಚಿಕ್ಕಮುನಿಯಪ್ಪ ಆಗಲೇ ಕ್ಯಾಬಿನ್ ಹತ್ತಿ ಕೂತಿದ್ದ. ಸ್ವಲ್ಪ ಹೊತ್ತು ಇಂಜಿನ್ ಬಿಸಿಯಾಗಲಿ ಅಂದ. ಮೇಡಂ ಬೇಡ ಅಂದರು, ಈಗಲೇ ಸೈಟಿನಿಂದ ಹೊರಗೆ ತನ್ನಿ ಅಂದರು. ಸೈಟಿನಿಂದ ಬೀದಿಗೆ ಬರಲು ಪೂರ್ತಿ ಬಲಕ್ಕೆ ತಿರುಗಿಸಬೇಕು. ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದೆ. ಅವನು ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಸೀಟಿನಿಂದ ಅರ್ಧ ಎದ್ದು ಒತ್ತಿದ. ಕತ್ತಿನ ನರ ಉಬ್ಬಿತು. ಸ್ಟೇರಿಂಗ್ ಇಷ್ಟೇ ಇಷ್ಟು ಸರಿದು ನಿಂತಿತು.

ಅವನು ಕೈ ಬಿಟ್ಟ. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ತನ್ನದಲ್ಲವೇನೋ ಎನ್ನುವ ಹಾಗೆ ನೋಡಿದ. ಆಮೇಲೆ ಇಂಜಿನ್ ಆರಿಸಿ, ಕೀ ಎಳೆದುಕೊಂಡು, ಕೆಳಗಿಳಿದು ಮೇಡಂ ಕೈಗೆ ಕೊಟ್ಟ.

"ತಗೊಳಿ ಮೇಡಂ. ಕೈ ಹೋಯ್ತು ನಂದು. ನಮ್ಮಣ್ಣನಿಗೂ ಹಿಂಗೇ ಶುರುವಾಗಿದ್ದು."

ಅವನ ಕಣ್ಣಲ್ಲಿ ನೀರಿತ್ತು. ಅವನ ಕಣ್ಣಲ್ಲಿ ನಾನು ನೀರು ನೋಡಿದ್ದು ಅದೇ ಮೊದಲು. ಮೇಡಂ ಕೀ ನನಗೆ ಕೊಟ್ಟು, "ಗಾಡಿ ನೀವು ಹೊರಗೆ ತನ್ನಿ, ಮುಂದಿಂದು ಆಮೇಲೆ ನೋಡೋಣ" ಅಂದರು.

ನಾನು ಹತ್ತಿದೆ, ಇಂಜಿನ್ ಶುರುಮಾಡಿ ಸ್ಟೇರಿಂಗ್ ಹಿಡಿದೆ. ಜಗ್ಗಲಿಲ್ಲ. ದಿನವಿಡೀ ತುಕ್ಕು ಹಿಡಿದ ನಟ್ಟು ಬಿಚ್ಚುವ ಕೈ ನನ್ನದು. ಎದ್ದು ಒತ್ತಿದೆ, ಇಷ್ಟೇ ಇಷ್ಟು ಸರಿದು ನಿಂತಿತು.

"ಲೋ ಮುನಿಯಾ! ನನಗೂ ಲಕ್ವ ಹೊಡೀತೇನೋ?" ಎಂದು ಕೂಗಿದೆ.

ಯಾರೂ ನಗಲಿಲ್ಲ. ಚಿಕ್ಕಮುನಿಯಪ್ಪ ಮಾತ್ರ ತಲೆ ಎತ್ತಿ ನೋಡಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಆಗಿದ್ದೂ ಅದೇ. ಇಷ್ಟು ದಿನ ಲಾರಿಯ ಜ್ವರಕ್ಕೆ ಮನುಷ್ಯ ಬರೆ ತಿಂದಿದ್ದ. ನನಗೆ ಚಳಿ ಬಿಟ್ಟುಹೋಯಿತು. ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ರಾಡನ್ನು ಮೊದಲು ಬಿಚ್ಚಿದೆ. ಮುಂದಿನ ಚಕ್ರಗಳಿಗೆ ಜಾಕ್ ಕೊಟ್ಟು ನೆಲದಿಂದ ಎತ್ತಿ, ಕೈಯಲ್ಲಿ ಎಡಕ್ಕೆ ಬಲಕ್ಕೆ ಆಡಿಸಿದೆ. ಸಲೀಸಾಗಿ ಆಡಿದವು. ಅಂದರೆ ಕೆಳಗಿನ ಕೀಲುಗಳೆಲ್ಲ ಕ್ಷೇಮ, ಬಿಗಿ ಇರುವುದು ಮೇಲೆ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ, ಸರಿಯಾಗಿಯೇ ಇತ್ತು. ಇಂಜಿನ್ ಶುರುಮಾಡಿ ಕಿವಿಗೊಟ್ಟರೆ ಸ್ಟೇರಿಂಗಿಗೆ ಎಣ್ಣೆ ತಳ್ಳುವ ಪಂಪು ನರಳುತ್ತಿತ್ತು. ಪಂಪು ನರಳಿದರೆ ಎಣ್ಣೆ ನೋಡಬೇಕು. ಇಂಜಿನ್ ಆರಿಸಿ ಎಣ್ಣೆ ಡಬ್ಬಿಗೆ ಕೈ ಹಾಕಿದೆ. ಅದರ ಮುಚ್ಚಳದ ಮೇಲೆ ಮಾಸಿದ ಕುಂಕುಮದ ಬೊಟ್ಟಿತ್ತು.

ಮುಚ್ಚಳ ತೆಗೆದು ಬೆರಳು ಅದ್ದಿದೆ. ಪವರ್ ಸ್ಟೇರಿಂಗಿಗೆ ಹಾಕುವುದು ತೆಳ್ಳಗಿನ ಕೆಂಪು ಎಣ್ಣೆ. ನನ್ನ ಬೆರಳಿಗೆ ಬಂದದ್ದು ಪಾಕಕ್ಕೆ ಬಂದ ಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಮೂಗಿನ ಹತ್ತಿರ ಹಿಡಿದೆ. ನನಗೆ ಥಟ್ಟನೆ ನಮ್ಮವ್ವ ಜ್ಞಾಪಕಕ್ಕೆ ಬಂದಳು, ಮೂಗು ಒತ್ತಿ ಹಿಡಿದು ಒಳಲೆಯಲ್ಲಿ ಭೇದಿಗೆ ಕುಡಿಸುತ್ತಿದ್ದ ನಮ್ಮವ್ವ. ಹರಳೆಣ್ಣೆ! ಮತ್ತೊಮ್ಮೆ ಮೂಸಿದೆ, ಅನುಮಾನವೇ ಇಲ್ಲ. ಚಳಿಗೆ ಗೋಂದಿನಂತೆ ಗಟ್ಟಿಯಾಗಿದೆ, ಪಂಪು ಅದನ್ನು ಎಳೆಯಲಾರದೆ ನರಳುತ್ತಿದೆ. ಇಂಜಿನ್ ಬಿಸಿಯಾದ ಮೇಲೆ ಕರಗಿ ತೆಳ್ಳಗಾಗುತ್ತದೆ, ಸ್ಟೇರಿಂಗ್ ಹೂವಾಗುತ್ತದೆ, ನಾನು ಗಾಡಿ ಸರಿಯಾಗಿದೆ ಅನ್ನುತ್ತೇನೆ.

ಚಿಕ್ಕಮುನಿಯಪ್ಪ ನನ್ನ ಪಕ್ಕ ಬಂದು ಬಗ್ಗಿದ. ಅವನ ಭುಜದಿಂದಲೂ ಅದೇ ವಾಸನೆ ಬಂತು.

"ಲೋ, ಇದಕ್ಕೆ ಏನು ಸುರಿದಿದೀಯ?"

ಅವನೂ ಬೆರಳು ಅದ್ದಿ ಮೂಸಿದ. ಹರಳೆಣ್ಣೆ ಕುಡಿದ ಮುಖ ಅನ್ನುತ್ತಾರಲ್ಲ, ಅವನದು ಹಾಗಾಗಲಿಲ್ಲ. ಮೊದಲು ಅರಳಿತು. ಕೈ ಹೋಗಿಲ್ಲ, ಲಕ್ವ ಅಲ್ಲ ಎಂದು ಆ ಮುಖಕ್ಕೆ ತಿಳಿದದ್ದು ನನಗೆ ಕಾಣಿಸಿತು. ಆಮೇಲೆ ಅವನು ಮನೆಯ ಬಾಗಿಲ ಕಡೆ ನೋಡಿದ. ಒಳಗೆ ಹನುಮಕ್ಕ ಟೀ ಸೋಸುತ್ತಿದ್ದಳು. ಅರಳಿದ ಮುಖ ಮುದುಡಿತು.

"ನಾನೇ ಹಾಕ್ದೆ" ಅಂದ.

ಶುದ್ಧ ಸುಳ್ಳು. ಇಷ್ಟು ವರ್ಷ ಲಾರಿ ಓಡಿಸಿದವನಿಗೆ ಕೆಂಪು ಎಣ್ಣೆ ಯಾವುದು ಎಂದು ಗೊತ್ತಿಲ್ಲವೇ? ಆದರೆ ಪ್ರಭಾ ಮೇಡಂ ಅವನ ಮಾತನ್ನು ನಂಬಿದರು. ಆವರೆಗೂ ಅವರಿಗಿದ್ದ ಮರುಕ ಸಿಟ್ಟಾಯಿತು.

"ಏನ್ರೀ ಇದು! ನಿಮ್ಮ ಕೈಗೆ ಏನೋ ಆಗಿದೆ ಅಂತ ನಾನು ರಾತ್ರಿಯೆಲ್ಲ ಸಂಕಟ ಪಟ್ಕೊಂಡಿದೀನಿ. ಸ್ಟೇರಿಂಗ್‌ಗೆ ಹರಳೆಣ್ಣೆ ಹಾಕೋರ ಕೈಲಿ ನಾನು ಹೆಂಗ್ರೀ ಗಾಡಿ ಕೊಡ್ಲಿ? ಆ ಆಂಟಿ ಸತ್ತೇ ಹೋಗ್ತಿದ್ರು! ಕೈ ಹೋಗಿದ್ರೆ ವಾಸಿ ಮಾಡ್ಸೋಣ ಅನ್ನಬಹುದಿತ್ತು. ಬುದ್ಧಿ ಹೋದ್ರೆ ಏನು ಮಾಡೋದು? ಇವತ್ತಿಂದ ಮೋಟಾರ್ ಹತ್ರ ಹೋಗಿ, ಅಷ್ಟೇ."

ಕೀ ನನ್ನ ಕೈಯಿಂದ ಇಸಿದುಕೊಂಡು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ನಾನು ಬಾಯಿ ತೆರೆದೆ, ಚಿಕ್ಕಮುನಿಯಪ್ಪ ನನ್ನ ಕಾಲನ್ನು ತುಳಿದ. ಒಳ್ಳೆಯ ಬಲವಾಗಿಯೇ ತುಳಿದ.

ಅಷ್ಟರಲ್ಲಿ ಹನುಮಕ್ಕ ತಟ್ಟೆಯಲ್ಲಿ ಟೀ ಲೋಟಗಳನ್ನಿಟ್ಟುಕೊಂಡು ಬಂದಿದ್ದಳು. ಮೇಡಂ ಕೂಗಿದ್ದೆಲ್ಲ ಅವಳಿಗೆ ಕೇಳಿಸಿತ್ತು. ತಟ್ಟೆಯನ್ನು ಬಂಪರಿನ ಮೇಲೆ ಇಟ್ಟಳು.

"ಅವ್ರು ಯಾಕವ್ವಾ ಹಾಕ್ತಾರೆ? ಹುಯ್ದಿದ್ದು ನಾನು."

"ನೀನು ಸುಮ್ಕಿರೆ" ಎಂದು ಚಿಕ್ಕಮುನಿಯಪ್ಪ ಗದರಿದ.

"ಯಾಕೆ ಸುಮ್ಕಿರ್ಲಿ? ಕೀಲು ಹಿಡ್ಕೊಂಡೈತೆ ಅಂದ್ರಿ. ಯಾವುದು ಅಂತ ಕೇಳ್ದೆ. ಎರಡೂ ಒಂದೇ ಅಂದ್ರಿ. ಅದಕ್ಕೆ ಎರಡಕ್ಕೂ ಹಾಕ್ದೆ. ಡಬ್ಬಿ ತೆಗೆದು ನೋಡಿದ್ರೆ ತಳ ಕಾಣ್ತಿತ್ತು. ಒಣಗಿದ್ ಕೀಲು ತಿರುಗ್ತದಾ? ನಮ್ಮಪ್ಪ ಗಾಡಿಗೆ ಜೀವಮಾನವೆಲ್ಲ ಅಳ್ಳೆಣ್ಣೆನೇ ಹಾಕಿದ್ದು. ಕಮ್ಮಿ ಆದಂಗೆಲ್ಲ ತುಂಬಿಸ್ತಾ ಬಂದೆ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಅದರಿಂದ್ಲೇ ಹಿಂಗಾಯ್ತಾ ಮಾದೇವಣ್ಣ?" ಅಂದಳು.

ಬೈಯಬೇಕೆಂದು ನಾಲಿಗೆಯ ತುದಿಯವರೆಗೂ ಬಂದಿತ್ತು. "ಮನುಷ್ಯರಿಗಾದ್ರೆ ಬಿಸಿ ಮಾಡಿ ಹಚ್ತೀಯ, ಲಾರಿಗೆ ತಣ್ಣಗಿರೋದನ್ನೇ ಸುರಿದ್ಯಲ್ಲಮ್ಮ" ಅಂದೆ. "ಅದು ಓಡ್ತಾ ಓಡ್ತಾ ತಾನೇ ಬಿಸಿ ಆಗ್ತದಲ್ಲ ಅಂದ್ಕೊಂಡೆ" ಅಂದಳು.

ಬೈಯಲಾಗದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಡಬ್ಬಿಯಿಂದ ಹೊರಡುವ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು, ಬೆರಳಿಟ್ಟರೆ ಜಿಡ್ಡು ಹತ್ತುತ್ತಿತ್ತು. ಎಣ್ಣೆ ಅಲ್ಲಿಂದ ಸೋರಿಹೋಗಿ ಮೊದಲ ಚಳಿಗೆ ಸ್ಟೇರಿಂಗ್ ಭಾರವಾದದ್ದು. ಒಡತಿ ಡ್ರೈವರನ್ನು ನೋಡಿದರು, ಡ್ರೈವರು ತನ್ನ ಕೈಯನ್ನು ನೋಡಿಕೊಂಡ, ನಾನು ಸುಮ್ಮನೆ ತಿರುಗಿಸಿ ನೋಡಿ ಕಳಿಸಿದೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದವಳು ಇವಳೊಬ್ಬಳೇ. ಕಾಯಿಲೆ ಕಂಡುಹಿಡಿದವಳು ಇವಳೇ, ಕೊಟ್ಟ ಮದ್ದು ಮಾತ್ರ ತಪ್ಪು. ಇದನ್ನು ನಾನು ಪ್ರಭಾ ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಮೇಡಂ ಹನುಮಕ್ಕನ ಕಡೆ ತಿರುಗಿದರು. "ಹನುಮಕ್ಕ, ಇನ್ನೊಂದ್ಸಲ ನೀವು ಬಾನೆಟ್ ಮುಟ್ಟಿದ್ರೆ ಗಾಡಿ ತಗೊಂಡು ಹೋಗಿ ನಮ್ಮನೆ ಮುಂದೆ ನಿಲ್ಲಿಸ್ಕೋತೀನಿ" ಅಂದರು. ಬ್ಯಾಗಿನಿಂದ ಕೀ ತೆಗೆದು ಚಿಕ್ಕಮುನಿಯಪ್ಪನಿಗೆ ಕೊಟ್ಟರು. "ನೀವೂ ಅಷ್ಟೇ. ಗಾಡಿ ಬಿಗಿ ಆದ್ರೆ ಬಿಗಿ ಅನ್ನಿ, ಕೈ ನೋವಾದ್ರೆ ಕೈ ನೋವು ಅನ್ನಿ. ಎರಡೂ ಒಂದೇ ಅಂತೆ!" ಎಂದು ಬೈದು, ಟೀ ಕುಡಿದು ಹೋದರು.

ನಾನು ಹಳೆಯದನ್ನೆಲ್ಲ ಇಳಿಸಿ, ಒಳಗೆಲ್ಲ ತೊಳೆದು, ಫಿಲ್ಟರ್ ಬದಲಿಸಿ, ಹೊಸ ಕ್ಲಿಪ್ಪು ಬಿಗಿದು, ಕೆಂಪು ಎಣ್ಣೆ ತುಂಬಿದೆ. ಮಾರನೆಯ ಬೆಳಿಗ್ಗೆ ಅಷ್ಟೇ ಚಳಿಯಲ್ಲಿ ಚಿಕ್ಕಮುನಿಯಪ್ಪ ಒಂದು ಬೆರಳಲ್ಲಿ ಲಾರಿಯನ್ನು ಬೀದಿಗೆ ತಿರುಗಿಸಿದ. ಈ ಸಲ ಗ್ರೈಂಡರ್ ಅನ್ನಲಿಲ್ಲ.

ಕತೆ ಇಲ್ಲಿಗೇ ಮುಗಿಯಬಹುದಿತ್ತು, ಆದರೆ ನಮ್ಮ ಬೀದಿಯ ಬಾಯಿ ನನ್ನ ಬಾಯಿಗಿಂತ ದೊಡ್ಡದು. ವಿಷಯ ಹರಡಿತು. 'ಪವರ್ ಸ್ಟೇರಿಂಗ್ ಹನುಮಕ್ಕ' ಎಂದು ಹೆಸರಿಟ್ಟರು. "ಅಕ್ಕಾ, ನಮ್ಮ ಸ್ಕೂಟರ್‌ಗೂ ಸ್ವಲ್ಪ ನೀವ್ತೀಯಾ?" ಎಂದು ಪಡ್ಡೆ ಹುಡುಗರು ಕೇಳತೊಡಗಿದರು. ಅವಳು ಮೊದಲು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು. ಎಣ್ಣೆ ಬಾಟಲಿಯನ್ನು ಅಟ್ಟದ ಮೇಲೆ ಹಾಕಿದಳು. ಪಕ್ಕದ ಮನೆಯ ಬಾಣಂತಿ ಮಗುವಿಗೆ ನೀರು ಹಾಕಲು ಕರೆದರೆ, ಮೈ ಸರಿ ಇಲ್ಲ ಅಂದಳಂತೆ. ಗಂಡನ ಭುಜವನ್ನೂ ಮುಟ್ಟಲಿಲ್ಲ. ಆಸ್ಪತ್ರೆಗೆ ತೋರಿಸಿಕೊಳ್ಳಿ ಅಂದಳು. ಅವನು ತೋರಿಸಿಕೊಂಡ. ಲಕ್ವ ಗಿಕ್ವ ಏನೂ ಅಲ್ಲ, ವಯಸ್ಸಿನ ಕೀಲುನೋವು, ಬಿಗಿಯಾದ ಸ್ಟೇರಿಂಗ್ ಎಳೆದು ಎಳೆದು ಜಾಸ್ತಿಯಾಗಿದೆ ಎಂದು ಡಾಕ್ಟರು ಅಂದರು.

ಸಂಕ್ರಾಂತಿಯ ದಿನ ಬೆಳಿಗ್ಗೆ ನಾನು ಎಳ್ಳು ಬೆಲ್ಲ ಹಿಡಿದು ಅವರ ಮನೆಗೆ ಹೋದೆ. ಚಿಕ್ಕಮುನಿಯಪ್ಪ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಹೊಸ ಶರ್ಟು ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಎಡಗೈ ತೋಳಿನೊಳಗೆ ಹೋಗುತ್ತಿರಲಿಲ್ಲ. ಹನುಮಕ್ಕ ಅಂಗಳದಲ್ಲಿ ರಂಗೋಲಿಗೆ ಬಣ್ಣ ತುಂಬುತ್ತಾ, ಕಂಡೂ ಕಾಣದ ಹಾಗಿದ್ದಳು.

ಅವನು ಶರ್ಟು ಕಿತ್ತು ಪಕ್ಕಕ್ಕೆ ಹಾಕಿದ. ಒಳಗೆ ಹೋಗಿ, ಅಟ್ಟ ತಡಕಾಡಿ, ಬಾಟಲಿ ತಂದು ಅವಳ ಮುಂದೆ ಇಟ್ಟ. ಅವಳಿಗೆ ಬೆನ್ನು ಮಾಡಿ ಕೂತ.

"ನೋಯ್ತೈತೆ ಕಣೆ" ಅಂದ.

ಹನುಮಕ್ಕ ಬಾಟಲಿಯನ್ನು ನೋಡಿದಳು, ಮುಟ್ಟಲಿಲ್ಲ. "ಬೇಡಿ. ಊರೆಲ್ಲ ನಗ್ತೈತೆ. ನನ್ನ ಕೈ ಒಳ್ಳೇದಲ್ಲ" ಅಂದಳು.

"ಲಾರಿ ಮಾದೇವಂಗೆ ಬಿಟ್ಬಿಡು. ಅದರ ಕೀಲು ಹೋದ್ರೆ ಅಂಗಡೀಲಿ ಇನ್ನೊಂದು ಸಿಗ್ತೈತೆ. ಇದು ಸಿಗಲ್ಲ. ಇದು ನಿಂದು."

ನಾನು ಇದ್ದೇನೆ ಎಂಬ ಸಂಕೋಚವೂ ಅವನಿಗೆ ಇರಲಿಲ್ಲ. ನಾನು ಎಳ್ಳಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಲಾರಿಯ ಟೈರು ನೋಡುವವನಂತೆ ಆಚೆ ಸರಿದೆ.

ಹನುಮಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದು ಓರೆ ಮಾಡಿದಳು. ಎಣ್ಣೆ ನಿಧಾನವಾಗಿ ಸರಿಯಿತು.

"ಚಳಿಗೆ ಗಟ್ಟಿಯಾಗೈತೆ" ಅಂದಳು. "ಇರಿ, ಬಿಸಿ ಮಾಡ್ಕೊಂಡ್ ಬತ್ತೀನಿ."